ಕಪ್ಪು ಮಣ್ಣು ಕಂಡು ಕಾಲುವೆ ತೆಗೆಸುವ ಮುಂಚೆ

ಪ್ರಶ್ನೆ: ನಾನು ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಊಟಿ ಹತ್ತಿರದ ತಲೈಕುಂದಾ ಕಡೆಗೆ ಬಂದೆ. ನಮಗೆ ಎರಡು ಎಕರೆ ಹತ್ತಿರ ಜಮೀನಿದೆ. ಮೇಲಿನ ಇಳಿಜಾರಿನಲ್ಲಿ ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ ಚೆನ್ನಾಗಿ ಬರುತ್ತೆ. ಕೆಳಗೆ ಹಳ್ಳದ ಪಕ್ಕದ ಮುಕ್ಕಾಲು ಎಕರೆ ಮಾತ್ರ ಕಪ್ಪಗೆ, ಮೆತ್ತಗೆ ಇದೆ. ಬೇಸಿಗೆಯಲ್ಲೂ ಒಣಗಲ್ಲ, ಕಾಲಿಟ್ಟರೆ ಪಾದ ಹೂತು ಹೋಗುತ್ತೆ. ಹೋದ ವರ್ಷ ಅದರ ಅಂಚಿನಲ್ಲಿ ಕೋಸು ಹಾಕಿದ್ವಿ, ಹಳದಿಯಾಗಿ ನಿಂತುಬಿಡ್ತು. ಮಣ್ಣು ಪರೀಕ್ಷೆ ಚೀಟಿಯಲ್ಲಿ ‘ಸಾವಯವ ಇಂಗಾಲ ಹೆಚ್ಚು, ಪಿಎಚ್ 4.3’ ಅಂತ ಬಂದಿದೆ. ಊರಿಂದ ಬಂದ ನನ್ನ ತಮ್ಮ ‘ಇದು ನಮ್ಮ ಎರೆ ಭೂಮಿ ಇದ್ದ ಹಾಗಿದೆ, ಜೆಸಿಬಿ ತರಿಸಿ ನಡುವೆ ಆಳವಾಗಿ ಕಾಲುವೆ ತೆಗೆಸು, ಸುಣ್ಣ ಹಾಕು, ಚಿನ್ನ ಬೆಳೀಬಹುದು’ ಅಂತಾನೆ. ಕೊಯಮತ್ತೂರಿನ ನರ್ಸರಿಯವರೊಬ್ಬರು ಲೋಡಿಗಿಷ್ಟು ಅಂತ ಕೊಟ್ಟು ಮಣ್ಣನ್ನೇ ತಗೊಂಡು ಹೋಗ್ತೀವಿ ಅಂತಾರೆ. ಮಾವ ಮಾತ್ರ ಅಲ್ಲಿ ಗುದ್ದಲಿ ಹಾಕಬೇಡಿ, ಬಾವಿ ನೀರು ಹೋಗುತ್ತೆ ಅಂತಾರೆ. ಆ ಬಾವಿ ನೀರೂ ಕಂದು ಬಣ್ಣ, ಹಳ್ಳದ ಮೇಲೆ ಎಣ್ಣೆ ಥರದ ಪೊರೆ ಬೇರೆ. ಕುಡಿಯಬಹುದಾ? ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ, ಆದರೆ ಚಿಂತೆ ಒಂದೇ. ಊಟಿ ಸುತ್ತ ಜಮೀನಿಗೆ ಇರುವ ಬೆಲೆ ನೋಡಿದರೆ ಮುಕ್ಕಾಲು ಎಕರೆಯನ್ನು ಸುಮ್ನೆ ಬಿಡೋದು ದಡ್ಡತನ ಅಲ್ವಾ ಅಂತ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಾವ ಹೇಳಿದ್ದು ಸರಿ. ತಮ್ಮ ಹೇಳಿದ್ದರಲ್ಲೂ ಅರ್ಧ ನಿಜ ಇದೆ. ಆ ಅರ್ಧ ನಿಜವೇ ಜನರನ್ನು ಕೆಡಿಸುವುದು.

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಅದು ಪೀಟ್ ಮಣ್ಣು, ಅಂದರೆ ನೀರು ನಿಂತ ಜಾಗದಲ್ಲಿ ಸತ್ತ ಹುಲ್ಲು, ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಸೇರಿ ಆದ ಮಣ್ಣು. ಚೀಟಿ ನೋಡಿಯೇ ಖಚಿತ ಹೇಳುವುದು ನನಗೆ ಇಷ್ಟವಿಲ್ಲ. ನೀವೇ ಮನೆಯಲ್ಲಿ ಪರೀಕ್ಷಿಸಬಹುದು. ಒಂದು ಉದ್ದನೆಯ ಕಬ್ಬಿಣದ ಸರಳು ತೆಗೆದುಕೊಂಡು ಆ ಜಾಗದ ನಡುವೆ ಕೈಯಿಂದಲೇ ಒತ್ತಿ. ಸುತ್ತಿಗೆ ಬೇಡ. ಮಾಮೂಲಿ ಮಣ್ಣಾದರೆ ಒಂದಡಿಗೇ ನಿಲ್ಲುತ್ತದೆ. ಪೀಟ್ ಆದರೆ ಸಲೀಸಾಗಿ ಇಳಿಯುತ್ತಾ ಹೋಗಿ ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ಅಲ್ಲಿ ಸರಳಿನ ತುದಿಗೆ ಬೂದು ಬಣ್ಣದ ಜಿಗುಟು ಜೇಡಿ ಅಂಟಿರುತ್ತದೆ. ಅಲ್ಲಿಯವರೆಗಿನ ಆಳವೇ ನಿಮ್ಮ ಪೀಟಿನ ದಪ್ಪ. ಹತ್ತು ಹೆಜ್ಜೆಗೊಂದು ಕಡೆ ಒತ್ತಿ ನೋಡಿ, ಆಳವನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಈ ಹಾಳೆ ಮುಂದೆ ಬೇಕಾಗುತ್ತದೆ.

ಇನ್ನೊಂದು ಪರೀಕ್ಷೆ. ಒಂದಡಿ ಕೆಳಗಿನ ಮಣ್ಣನ್ನು ಹಿಡಿಯಷ್ಟು ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ತಿಳಿನೀರು ಬಂದು, ಕೈಯಲ್ಲಿ ನಾರು, ಬೇರು, ಹುಲ್ಲಿನ ಕಡ್ಡಿ ಉಳಿದರೆ ಅದು ಇನ್ನೂ ಕೊಳೆಯದ ಪೀಟ್. ಕಂದು ಬಗ್ಗಡ ಬಂದರೆ ಅರ್ಧ ಕೊಳೆತದ್ದು. ಮಣ್ಣೇ ಬೆಣ್ಣೆಯ ಹಾಗೆ ಬೆರಳ ಸಂದಿಯಿಂದ ಜಾರಿ ಹೋಗಿ ಕೈ ಖಾಲಿಯಾದರೆ ಪೂರ್ತಿ ಕೊಳೆತದ್ದು. ಇದು ಹಳ್ಳಿ ಉಪಾಯ ಅಂದುಕೊಳ್ಳಬೇಡಿ. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಎಂಬ ಭೂವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆ ಇದನ್ನು ಹತ್ತು ಹಂತದ ಅಳತೆ ಮಾಡಿದರು. ನಾವು ಈಗಲೂ ಹೊಲದಲ್ಲಿ ಇದನ್ನೇ ಬಳಸುತ್ತೇವೆ. ಸಾಮಾನ್ಯವಾಗಿ ಮೇಲೆ ನಾರು ಜಾಸ್ತಿ, ಕೆಳಗೆ ಹೋದಷ್ಟೂ ನುಣ್ಣಗೆ, ಕಪ್ಪಗೆ.

ಈಗ ಎರೆ ಭೂಮಿಯ ವಿಷಯ. ನಿಮ್ಮ ತಮ್ಮನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಎರೆ ನೋಡಿ ಬೆಳೆದವರಿಗೆ ಕಪ್ಪು ಅಂದರೆ ಸಾರ ಅನ್ನಿಸುವುದು ಸಹಜ. ಆದರೆ ಈ ಎರಡು ಕಪ್ಪಿಗೂ ಸಂಬಂಧವಿಲ್ಲ. ಎರೆಯಲ್ಲಿ ಇರುವುದು ಜೇಡಿ. ಸಾವಯವ ಅಂಶ ಅದರಲ್ಲಿ ಬಹಳ ಕಡಿಮೆ, ಹೆಚ್ಚಿನ ಕಡೆ ನೂರಕ್ಕೆ ಒಂದು ಪಾಲೂ ಇಲ್ಲ. ಅದು ಭಾರ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಪಿಎಚ್ 8ರ ಆಸುಪಾಸು (ಈ ಅಂಕಿ 7ಕ್ಕಿಂತ ಕಡಿಮೆಯಾದಷ್ಟೂ ಮಣ್ಣು ಹುಳಿ), ಸುಣ್ಣ ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಪೀಟಿನಲ್ಲಿ ಜೇಡಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇರುವುದೆಲ್ಲ ಅರ್ಧ ಕೊಳೆತ ಹುಲ್ಲು, ಜೊಂಡು, ಬೇರು, ಮತ್ತೆ ನೀರು. ಹಸಿ ಪೀಟಿನ ತೂಕದಲ್ಲಿ ನೂರಕ್ಕೆ 85ರಿಂದ 95 ಪಾಲು ನೀರೇ. ಎರೆ ಹೊಲದಲ್ಲಿ ಕಾಲುವೆ ತೆಗೆದರೆ ನೀರು ಹೋಗಿ ಮಣ್ಣು ಉಳಿಯುತ್ತದೆ. ಇಲ್ಲಿ ನೀರು ಹೋದರೆ ಅದರ ಹಿಂದೆ ಮಣ್ಣೂ ಹೋಗುತ್ತದೆ. ಅದು ಹೇಗೆ ಅನ್ನುವುದೇ ಈ ಉತ್ತರದ ಮುಖ್ಯ ಭಾಗ.

ಪೀಟ್ ಆಗುವುದು ಹೇಗೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಹುಲ್ಲು ಸತ್ತರೆ ಕೊಳೆಯಬೇಕು. ಕೊಳೆಯಲು ಗಾಳಿ ಬೇಕು, ಬೆಚ್ಚಗಿರಬೇಕು. ನಿಮ್ಮ ಹಳ್ಳದ ತಗ್ಗಿನಲ್ಲಿ ವರ್ಷವಿಡೀ ನೀರು ನಿಂತಿದೆ. ನೀರಿನೊಳಗೆ ಆಮ್ಲಜನಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸಾವಿರಾರು ಪಟ್ಟು ನಿಧಾನ. ಇದ್ದ ಸ್ವಲ್ಪವನ್ನು ಸೂಕ್ಷ್ಮಜೀವಿಗಳು ಬೇಗ ಮುಗಿಸುತ್ತವೆ. ಜತೆಗೆ ಚಳಿ, ಜತೆಗೆ ಹುಳಿ. ಭರಣಿಯೊಳಗೆ ಉಪ್ಪಿನಕಾಯಿ ಕೆಡದೆ ಉಳಿಯುವ ಹಾಗೆ ಅಲ್ಲಿ ಸತ್ತ ಗಿಡ ಉಳಿದುಬಿಡುತ್ತದೆ. ಡೆನ್ಮಾರ್ಕಿನ ಇಂಥ ಜವುಗಿನಲ್ಲಿ 1950ರಲ್ಲಿ ಪೀಟ್ ಕಡಿಯುತ್ತಿದ್ದವರಿಗೆ ಒಂದು ಹೆಣ ಸಿಕ್ಕಿತು. ಮುಖದ ಕುರುಚಲು ಗಡ್ಡ ಕೂಡ ಹಾಗೇ ಇತ್ತು. ಈಚೆಗೆ ಸತ್ತವನು ಅಂದುಕೊಂಡು ಪೊಲೀಸರನ್ನು ಕರೆಸಿದರು. ಆಮೇಲೆ ನೋಡಿದರೆ ಅದು ಎರಡು ಸಾವಿರ ವರ್ಷಕ್ಕೂ ಹಳೆಯ ಹೆಣ.

ಐರ್ಲೆಂಡ್, ಸ್ಕಾಟ್ಲೆಂಡ್, ಫಿನ್ಲೆಂಡ್ ಕಡೆ ಪೀಟ್ ಕಟ್ಟುವುದು ಮುಖ್ಯವಾಗಿ ಸ್ಫ್ಯಾಗ್ನಮ್ ಎಂಬ ಪಾಚಿ. ತನ್ನ ಒಣ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯುತ್ತದೆ. ನೀರಿನಲ್ಲಿರುವ ಸುಣ್ಣದಂಥ ಅಂಶಗಳನ್ನು ತಾನು ಹೀರಿ ಬದಲಿಗೆ ಆಮ್ಲ ಬಿಡುತ್ತದೆ. ಅಲ್ಲಿ ಮಳೆ ನೀರನ್ನೇ ನಂಬಿದ ಜವುಗುಗಳ ಪಿಎಚ್ 4ರ ಆಸುಪಾಸು. ನಮ್ಮ ನೀಲಗಿರಿಯ ಪೀಟ್ ಹೆಚ್ಚಾಗಿ ಹುಲ್ಲು, ಜೊಂಡಿನಿಂದ ಆದದ್ದು. ಮಳೆ ಜತೆಗೆ ಗುಡ್ಡದ ಒರತೆ ನೀರೂ ಬಂದು ಸೇರುತ್ತದೆ. ಹಾಗಿದ್ದೂ ಹುಳಿ ಯಾಕೆ? ಮೇಲಿನ ಬೆಟ್ಟದ ಮಣ್ಣನ್ನು ಮಳೆ ಯಾವಾಗಲೋ ತೊಳೆದಿಟ್ಟಿದೆ. ಕೆಳಗೆ ಕೊಡಲು ಅದರಲ್ಲಿ ಸುಣ್ಣದ ಅಂಶ ಉಳಿದಿಲ್ಲ. ಹಾಗಾಗಿ ನಿಮ್ಮ 4.3 ನನಗೆ ಆಶ್ಚರ್ಯ ತರಲಿಲ್ಲ.

ನಿಮಗೆ ಗೊತ್ತಿದೆಯೋ ಇಲ್ಲವೋ, ನಿಮ್ಮ ಪಕ್ಕದ ಸ್ಯಾಂಡಿನಲ್ಲಾ ಕಣಿವೆಯ ಪೀಟ್ ವಿಜ್ಞಾನಿಗಳ ನಡುವೆ ಹೆಸರುವಾಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿ ಪೀಟನ್ನು ಪದರ ಪದರವಾಗಿ ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಪೀಟಿನೊಳಗಿನ ಇಂಗಾಲ ನೋಡಿದರೆ ಆ ಕಾಲದಲ್ಲಿ ಎಂಥ ಗಿಡ ಬೆಳೆದಿತ್ತು, ಮಳೆ ಹೆಚ್ಚಿತ್ತೋ ಕಡಿಮೆಯೋ ಅಂತ ತಿಳಿಯುತ್ತದೆ. ಇಪ್ಪತ್ತು ಸಾವಿರ ವರ್ಷದ ಮಳೆ-ಬರದ ಲೆಕ್ಕ ಅವರಿಗೆ ಈ ಕಪ್ಪು ಮಣ್ಣಿನಲ್ಲಿ ಸಿಕ್ಕಿತು. ಬರೀ ಕೆಲವು ಮೀಟರ್ ದಪ್ಪದ ಮಣ್ಣಿನಲ್ಲಿ! ಯೂರೋಪಿನಲ್ಲಿ ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಇಲ್ಲಿ ಅದಕ್ಕಿಂತಲೂ ನಿಧಾನ. ನರ್ಸರಿಯವರು ಲೋಡಿಗಿಷ್ಟು ಅಂದಾಗ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಇನ್ನು ಆ ಚೀಟಿ. ‘ಸಾವಯವ ಇಂಗಾಲ ಹೆಚ್ಚು’ ಅಂತ ಬಂದ ಮೇಲೆ ಕೋಸು ಯಾಕೆ ಹಳದಿಯಾಯಿತು ಅನ್ನುವುದು ನಿಮ್ಮ ಗೊಂದಲ. ತಪ್ಪು ನಿಮ್ಮದಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ಸಾವಯವ ಇಂಗಾಲ ನೂರಕ್ಕೆ 0.75ಕ್ಕಿಂತ ಮೇಲಿದ್ದರೆ ‘ಹೆಚ್ಚು’ ಅಂತ ಬರೆಯುತ್ತಾರೆ. ಬಯಲು ಸೀಮೆ ಹೊಲಕ್ಕೆ ಮಾಡಿದ ಅಳತೆ ಅದು. ಊಟಿ ಬೆಟ್ಟದ ಮಾಮೂಲಿ ಮಣ್ಣಿಗೂ ‘ಹೆಚ್ಚು’ ಬರುತ್ತದೆ, ಪೀಟಿಗೂ ‘ಹೆಚ್ಚು’ ಬರುತ್ತದೆ. ಇಂಗಾಲ ಹೆಚ್ಚಿದ್ದರೆ ಸಾರಜನಕವೂ ಹೆಚ್ಚು ಸಿಗುತ್ತದೆ ಅನ್ನುವ ಅಂದಾಜಿನ ಮೇಲೆ ಗೊಬ್ಬರದ ಶಿಫಾರಸು ಬರೆಯುತ್ತಾರೆ. ಪೀಟಿನಲ್ಲಿ ಆ ಅಂದಾಜು ನಿಲ್ಲುವುದಿಲ್ಲ. ಸಾರಜನಕ ಇದೆ, ಆದರೆ ಕೊಳೆಯದ ಹುಲ್ಲಿನೊಳಗೆ ಬೀಗ ಹಾಕಿಕೊಂಡು ಕೂತಿದೆ. ಗಾಳಿ ಇಲ್ಲದ ಕಡೆ ನೀವು ಹಾಕಿದ ಯೂರಿಯಾದಲ್ಲೂ ಒಂದಿಷ್ಟು ಅನಿಲವಾಗಿ ಹಾರಿಹೋಗುತ್ತದೆ.

ಮತ್ತೊಂದು ವಿಷಯ ಯಾವ ಚೀಟಿಯಲ್ಲೂ ಇರುವುದಿಲ್ಲ. ಚೀಟಿಯ ಅಂಕಿ ಎಲ್ಲ ತೂಕದ ಲೆಕ್ಕ. ಬೇರು ಹರಡುವುದು ಜಾಗದ ಲೆಕ್ಕದಲ್ಲಿ. ಒಂದು ಲೀಟರ್ ಪಾತ್ರೆ ತುಂಬ ನಿಮ್ಮ ಮೇಲಿನ ಹೊಲದ ಮಣ್ಣು ತೆಗೆದು ಪೂರ್ತಿ ಒಣಗಿಸಿದರೆ ಒಂದು ಕಿಲೋ ಆಸುಪಾಸು ಉಳಿಯುತ್ತದೆ. ಪೀಟ್ ತುಂಬಿಸಿ ಒಣಗಿಸಿದರೆ ಉಳಿಯುವುದು 100ರಿಂದ 200 ಗ್ರಾಂ. ಹಾಗಾದರೆ ಚೀಟಿಯಲ್ಲಿ ಎರಡಕ್ಕೂ ಒಂದೇ ಪೊಟ್ಯಾಷ್ ಅಂಕಿ ಬಂದರೂ ಪೀಟಿನಲ್ಲಿರುವ ಬೇರಿಗೆ ಸಿಗುವುದು ಐದನೇ ಒಂದು ಪಾಲೋ ಹತ್ತನೇ ಒಂದು ಪಾಲೋ ಅಷ್ಟೇ. ತಾಮ್ರದ ಅಂಶವನ್ನಂತೂ ಪೀಟ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಗಿಡಕ್ಕೆ ಬಿಡುವುದೇ ಇಲ್ಲ. ಯೂರೋಪಿನಲ್ಲಿ ಜವುಗು ಬಸಿದು ಹೊಸದಾಗಿ ಉತ್ತವರ ಧಾನ್ಯ ಕಾಳು ಕಟ್ಟದೆ ಹೋಗಲು ಬಹಳ ಕಡೆ ಈ ತಾಮ್ರದ ಕೊರತೆಯೇ ಕಾರಣವಾಗಿತ್ತು.

ಆ ಜಾಗದಲ್ಲಿ ಮಳೆಗಾಲದ ಕೊನೆಗೆ ಬಗ್ಗಿ ನೋಡಿ. ಕೆಂಪಗೆ, ಎಲೆ ತುಂಬ ಅಂಟಿನ ಹನಿ ಇರುವ ಪುಟ್ಟ ಗಿಡ ಕಾಣಬಹುದು. ಅದು ಡ್ರೊಸೆರಾ. ಸೊಳ್ಳೆ, ನುಸಿ ಹಿಡಿದು ತಿನ್ನುತ್ತದೆ. ಮಣ್ಣಿನಲ್ಲಿ ಸಾರಜನಕ ಸಿಗದಿದ್ದಾಗ ಗಿಡ ಹಿಡಿಯುವ ದಾರಿ ಇದು. ಕಾಸರಗೋಡಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ಬಯಲುಗಳ ಮೇಲೂ ಮಳೆಗಾಲದಲ್ಲಿ ಇದರ ಜಾತಿಯವು ಕಾಣುತ್ತವೆ. ಅಲ್ಲಿ ಮಣ್ಣೇ ಇಲ್ಲ, ಇಲ್ಲಿ ಒಂದಾಳು ಮಣ್ಣಿದೆ. ಎರಡು ಕಡೆಯೂ ಗಿಡಕ್ಕೆ ಹಸಿವು ಒಂದೇ.

ಕೋಸಿನ ವಿಷಯದಲ್ಲಿ ಒಂದು ಅನುಮಾನ ಬಗೆಹರಿಸಿಕೊಳ್ಳಿ. ಬೇರಿಗೆ ಉಸಿರಾಡಲು ಗಾಳಿ ಸಿಗದೆ ಹಳದಿಯಾಗಿರಬಹುದು. ಅಥವಾ ಕ್ಲಬ್ ರೂಟ್ ರೋಗ ಇರಬಹುದು. ಹುಳಿ ಮತ್ತು ಒದ್ದೆ ಮಣ್ಣು ಅಂದರೆ ಅದಕ್ಕೆ ಬಹಳ ಇಷ್ಟ. ಅಂಚಿನಲ್ಲಿ ಹಳೆಯ ಗಿಡ ಉಳಿದಿದ್ದರೆ ಕಿತ್ತು ಬೇರು ತೊಳೆದು ನೋಡಿ. ಬೇರು ದಪ್ಪ ದಪ್ಪ ಊದಿಕೊಂಡಿದ್ದರೆ ರೋಗ. ಆಗ ಆ ಅಂಚಿನಲ್ಲಿ ಕೋಸು, ಹೂಕೋಸು, ಮೂಲಂಗಿ ಹಾಕಲೇಬೇಡಿ. ಅಲ್ಲಿ ಬಳಸಿದ ಗುದ್ದಲಿ, ಬೂಟು ತೊಳೆಯದೆ ಮೇಲಿನ ಹೊಲಕ್ಕೆ ಹೋಗಬೇಡಿ. ಈ ರೋಗ ಮಣ್ಣಿನಲ್ಲಿ ಹತ್ತು ವರ್ಷ ದಾಟಿಯೂ ಬದುಕಿರುತ್ತದೆ.

ಈಗ ತಮ್ಮನ ಅರ್ಧ ನಿಜಕ್ಕೆ ಬರೋಣ. ಕಾಲುವೆ ತೆಗೆದು ಪೀಟ್ ಬಸಿದರೆ ಮೊದಲ ಒಂದೆರಡು ಬೆಳೆ ನಿಜವಾಗಲೂ ಜೋರಾಗಿ ಬರಬಹುದು. ಗಾಳಿ ಒಳಗೆ ಹೊಕ್ಕ ಕೂಡಲೇ ಶತಮಾನಗಳಿಂದ ಕೊಳೆಯದೆ ಇದ್ದದ್ದು ಕೊಳೆಯಲು ಶುರುವಾಗುತ್ತದೆ, ಕೂಡಿಟ್ಟ ಸಾರಜನಕ ಹೊರಗೆ ಬರುತ್ತದೆ. ‘ಅವರ ಹೊಲದಲ್ಲಿ ನೋಡಿ ಎಂಥ ಬೆಳೆ’ ಅಂತ ಮಾತು ಹುಟ್ಟುವುದು ಇಲ್ಲಿಂದ. ಐದಾರು ವರ್ಷ ಆದ ಮೇಲೆ ಆ ಹೊಲ ನೋಡಲು ಯಾರೂ ಹೋಗುವುದಿಲ್ಲ. ನನ್ನ ಕೆಲಸ ಹೆಚ್ಚಾಗಿ ಆಮೇಲೆ ಶುರುವಾಗುವುದು.

ಏನಾಗುತ್ತದೆ? ಮೊದಲು ನೆಲ ಕುಸಿಯುತ್ತದೆ. ಹಿಡಿದಿಟ್ಟ ನೀರು ಹೋದದ್ದರಿಂದ ಒಂದಿಷ್ಟು, ಪೀಟೇ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುವುದರಿಂದ ಇನ್ನಷ್ಟು. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್ ಸೀಮೆಯ ಹೋಮ್ ಫೆನ್ ಎಂಬಲ್ಲಿ ಜವುಗು ಬಸಿಯುವಾಗ, 1851ರಲ್ಲಿ, ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮವಾಗುವ ಹಾಗೆ ಹೂತರು. ಇವತ್ತು ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಎದ್ದಿಲ್ಲ, ಸುತ್ತಲ ನೆಲ ಇಳಿದಿದೆ. ಆ ಜಾಗ ಈಗ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಬಸಿದ ಪೀಟ್ ಹೊಲ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಇಳಿಯುವುದು ಮಾಮೂಲು. ನೆಲ ಇಳಿದ ಹಾಗೆ ಕಾಲುವೆಯ ಆಳ ಕಡಿಮೆಯಾಗುತ್ತದೆ. ಮತ್ತೆ ಜೆಸಿಬಿ, ಮತ್ತೆ ಖರ್ಚು. ಕೊನೆಗೆ ಕೆಳಗಿನ ಬೂದು ಜೇಡಿ ಮೇಲೆ ಬರುತ್ತದೆ. ಕಪ್ಪು ಮಣ್ಣಿನ ಆಸೆಗೆ ಶುರು ಮಾಡಿದ ಕೆಲಸದ ಕೊನೆಯಲ್ಲಿ ಕಪ್ಪು ಮಣ್ಣೇ ಇರುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ಇಷ್ಟು ಒದ್ದೆ ಇರುವ ಮಣ್ಣಿನಿಂದ ನೀರು ಬಸಿಯುವುದು ಬಹಳ ಕಷ್ಟ. ಕೊಳೆತು ನುಣ್ಣಗಾದ ಕೆಳಪದರದಲ್ಲಿ ನೀರು ಹೆಚ್ಚು ಕಡಿಮೆ ಜೇಡಿಯಲ್ಲಿ ಚಲಿಸುವಷ್ಟೇ ನಿಧಾನವಾಗಿ ಚಲಿಸುತ್ತದೆ. ಹಾಗಾಗಿ ನಡುವೆ ಒಂದು ಆಳ ಕಾಲುವೆ ತೆಗೆದರೆ ಅದರ ಎರಡು ಬದಿಯ ಕೆಲವು ಮೀಟರ್ ಒಣಗುತ್ತದೆ, ಆಚೆಗೆ ಮತ್ತೆ ಒದ್ದೆ. ಒಣಗಿದ ಭಾಗ ಕುಸಿದು ತಗ್ಗಾಗುತ್ತದೆ, ಕಾಲುವೆಯ ದಡ ಜರಿದು ಬೀಳುತ್ತದೆ. ತಮ್ಮ ಅಂದುಕೊಂಡ ಹಾಗೆ ಮುಕ್ಕಾಲು ಎಕರೆಯೂ ಒಣಗಬೇಕಾದರೆ ಹತ್ತಿರ ಹತ್ತಿರ ಕಾಲುವೆ ತೆಗೆಸಬೇಕು. ಆಗ ಬೆಳೆಗೆ ಜಾಗ ಎಲ್ಲಿ?

ಮೇಲ್ಪದರ ಒಂದು ಸಲ ಪೂರ್ತಿ ಒಣಗಿತು ಅಂದರೆ ಮತ್ತೊಂದು ತೊಂದರೆ. ಇದನ್ನೂ ನೀವೇ ನೋಡಬಹುದು. ಇಟ್ಟಿಗೆಯಷ್ಟು ದಪ್ಪದ ಒಂದು ತುಂಡು ಕತ್ತರಿಸಿ ತೂಗಿ, ಬಿಸಿಲಿನಲ್ಲಿ ಹಲವು ದಿನ ಒಣಗಿಸಿ. ಅರ್ಧಕ್ಕರ್ಧ ಕುಗ್ಗಿ, ಬೆಂಡಿನಷ್ಟು ಹಗುರಾಗುತ್ತದೆ. ಅದರ ಮೇಲೆ ಒಂದು ಲೋಟ ನೀರು ಹಾಕಿ. ನೀರು ಒಳಗೆ ಇಳಿಯುವುದಿಲ್ಲ, ಮಣಿ ಮಣಿಯಾಗಿ ಉರುಳಿ ಹೋಗುತ್ತದೆ. ಹೊಲದಲ್ಲೂ ಇದೇ ಆಗುವುದು. ಮಳೆ ಬಿದ್ದರೂ ಮೇಲಿನ ಪುಡಿ ನೆನೆಯದೆ ತೇಲಿ ಹಳ್ಳಕ್ಕೆ ಹೋಗುತ್ತದೆ, ಗಾಳಿ ಬಂದರೆ ಹಾರುತ್ತದೆ. ಒಣ ಪೀಟ್ ಶಾಖವನ್ನು ಕೆಳಗಿನಿಂದ ಮೇಲಕ್ಕೆ ಬಿಡುವುದಿಲ್ಲ, ಹಾಗಾಗಿ ರಾತ್ರಿ ಮೇಲ್ಮೈ ಇನ್ನೂ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ತಗ್ಗಿನಲ್ಲಿ ಹಿಮ ಬಿದ್ದು ಹುಲ್ಲು ಬೆಳ್ಳಗಾಗುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಸಿದ ಪೀಟಿನ ಮೇಲೆ ಅದು ಇನ್ನೂ ಜಾಸ್ತಿ.

ಬೆಂಕಿಯ ಮಾತು ಬಂದಾಗ ಜನ ನಗುತ್ತಾರೆ, ಜವುಗಿಗೆ ಬೆಂಕಿಯೇ ಅಂತ. ಒಣಗಿದ ಪೀಟ್ ಸೌದೆಯೇ. ಐರ್ಲೆಂಡಿನಲ್ಲಿ ಅದನ್ನೇ ಕತ್ತರಿಸಿ ಒಣಗಿಸಿ ಒಲೆಗೆ ಹಾಕುತ್ತಿದ್ದರು, ವಿದ್ಯುತ್ತನ್ನೂ ಮಾಡುತ್ತಿದ್ದರು. ಇಂಡೊನೇಷ್ಯಾ ಸರ್ಕಾರ 1995ರ ಸುಮಾರಿಗೆ ಕಾಲಿಮಂತಾನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಸಾವಿರಾರು ಕಿಲೋಮೀಟರ್ ಕಾಲುವೆ ತೆಗೆದರು. ಭತ್ತ ಬರಲಿಲ್ಲ. 1997ರಲ್ಲಿ ಹೊತ್ತಿಕೊಂಡ ಬೆಂಕಿ ತಿಂಗಳುಗಟ್ಟಲೆ ನೆಲದೊಳಗೇ ಉರಿಯಿತು, ಹೊಗೆ ಸಿಂಗಪುರ, ಮಲೇಷ್ಯಾವರೆಗೂ ಹೋಯಿತು. ಅದು ಬಿಸಿ ನಾಡಿನ ಪೀಟ್, ಲೆಕ್ಕ ಬೇರೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಅಂಚಿನ ಒಣ ಹುಲ್ಲಿಗೆ, ಕ್ಯಾರೆಟ್ ಸೊಪ್ಪಿನ ರಾಶಿಗೆ ಬೆಂಕಿ ಹಚ್ಚುವ ಅಭ್ಯಾಸ ನಿಮ್ಮ ಕಡೆ ಇದ್ದರೆ ಆ ಕೆಲಸ ಪೀಟಿನಿಂದ ದೂರ ಮಾಡಿ. ಒಳಗೆ ಹೊಕ್ಕ ಕೆಂಡ ಮೇಲೆ ಕಾಣುವುದಿಲ್ಲ.

ಸುಣ್ಣ ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಇನ್ನೊಂದು ನಂಬಿಕೆ. ಮೇಲಿನ ಹೊಲಕ್ಕೆ ಹೋಲಿಸಿದರೆ ಪೀಟಿನ ಪಿಎಚ್ ಏರಿಸಲು ಬಹಳ ಸುಣ್ಣ ಬೇಕು. ಏರಿಸಿದರೆ ಕೊಳೆಯುವುದು ಇನ್ನೂ ಬೇಗ ಆಗುತ್ತದೆ. ಪೀಟಿನಲ್ಲಿ 6.5 ಗುರಿ ಇಡಬಾರದು. ಅದರಲ್ಲಿ ಗಿಡಕ್ಕೆ ವಿಷವಾಗುವ ಅಲ್ಯೂಮಿನಿಯಂ ಕಡಿಮೆ, ಹಾಗಾಗಿ 5ರಿಂದ 5.5 ಸಾಕು. ಅದಕ್ಕಿಂತ ಮೇಲೆ ಹೋದರೆ ಬೋರಾನ್, ಮ್ಯಾಂಗನೀಸ್, ತಾಮ್ರ ಇನ್ನೂ ಸಿಗದೆ ಹೋಗುತ್ತವೆ. ಬೀಟ್‌ರೂಟಿನ ನಡುಭಾಗ ಕಪ್ಪಾಗಿ ಕೊಳೆಯುವುದು ಬೋರಾನ್ ಕೊರತೆಯ ಗುರುತು. ಬಸಿಯದೆ ಒದ್ದೆ ಪೀಟಿಗೆ ಸುಣ್ಣ ಸುರಿಯುವುದಂತೂ ದುಡ್ಡು ಹಳ್ಳಕ್ಕೆ ಹಾಕಿದ ಹಾಗೆಯೇ.

ಮಾವನ ಮಾತಿಗೆ ಒಂದು ತಿದ್ದುಪಡಿ ಇದೆ. ಜವುಗು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯೆಲ್ಲ ಬಿಡುತ್ತಾ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟು ಸರಳವಲ್ಲ. ಜುಲೈ ಹೊತ್ತಿಗೆ ಅದು ತುಂಬಿರುತ್ತದೆ. ಆಮೇಲೆ ಬಿದ್ದ ಮಳೆ ಮೇಲಿಂದಲೇ ಹರಿದು ಹೋಗುತ್ತದೆ. ಬೇಸಿಗೆಯಲ್ಲೂ ಕೆಳಪದರ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಆದರೆ ಬೇರೊಂದು ಕೆಲಸ ಮಾಡುತ್ತದೆ. ಗುಡ್ಡದಿಂದ ಇಳಿದು ಬರುವ ಒರತೆ ನೀರು ಕಣಿವೆಯ ತಳದಲ್ಲಿ ಸರ್ರನೆ ಹರಿದು ಹೋಗದಂತೆ ತಡೆದು, ಸುತ್ತಲ ನೀರಿನ ಮಟ್ಟವನ್ನು ಮೇಲೇ ಹಿಡಿದಿಡುತ್ತದೆ. ನಿಮ್ಮ ಬಾವಿ ನಿಂತಿರುವುದು ಆ ಮಟ್ಟದ ಮೇಲೆ. ನಡುವೆ ಆರಡಿ ಕಾಲುವೆ ತೆಗೆದರೆ ಬಾವಿಯ ನೀರೂ ಕೆಳಗೆ ಇಳಿಯುವ ಸಂಭವ ಇದೆ. ಮಾವನಿಗೆ ಕಾರಣ ಬೇರೆ ಗೊತ್ತಿರಬಹುದು, ತೀರ್ಮಾನ ಮಾತ್ರ ಸರಿಯಾಗಿದೆ.

ಹಾಗಾದರೆ ಏನು ಮಾಡಬಹುದು? ಸರಳಿನಿಂದ ಅಳೆದ ಹಾಳೆ ತೆಗೆಯಿರಿ. ಕಪ್ಪು ಪದರ ಒಂದಡಿಗಿಂತ ಕಡಿಮೆ ಇರುವ ಅಂಚು ಮತ್ತು ಅದಕ್ಕಿಂತ ಆಳ ಇರುವ ನಡುಭಾಗ, ಹೀಗೆ ಎರಡು ಭಾಗ ಮಾಡಿ. ನಡುಭಾಗವನ್ನು ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಅಂಚಿನಲ್ಲಿ ಮಾತ್ರ ಬೆಳೆ. ಅಲ್ಲಿ ಅರ್ಧ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ. ಅದಕ್ಕೆ ಮೇಲಿನ ಹೊಲದ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬಳಸಿ. ಡೊಲೊಮೈಟನ್ನು (ಒಂದು ಬಗೆಯ ಸುಣ್ಣದ ಕಲ್ಲಿನ ಪುಡಿ) ಮಡಿಗೆ ಮಾತ್ರ ಹಾಕಿ, ಪಿಎಚ್ 5.5 ದಾಟಿಸಬೇಡಿ. ಹುಳಿ ತಡೆಯುವ ಆಲೂಗಡ್ಡೆ ಅಲ್ಲಿಗೆ ಸರಿ. ಮುಂಗಾರಿನಲ್ಲಿ ಹಾಕಿದರೆ ಜುಲೈಯಲ್ಲಿ ಕೊಳೆಯುತ್ತದೆ. ಹಿಮ ಕಡಿಮೆಯಾದ ಮೇಲೆ ಫೆಬ್ರವರಿಯಲ್ಲಿ ಹಾಕಿ, ಮುಂಗಾರು ಜೋರಾಗುವ ಮುಂಚೆ ತೆಗೆಯಿರಿ. ಆಗ ಎಲ್ಲರೂ ನೀರು ಕಟ್ಟಲು ಒದ್ದಾಡುತ್ತಿರುತ್ತಾರೆ, ನಿಮ್ಮ ಅಂಚಿನಲ್ಲಿ ತೇವ ತಾನಾಗಿ ಇರುತ್ತದೆ. ಆ ಜಾಗದಿಂದ ನಿಜವಾದ ಲಾಭ ಅಂದರೆ ಇದು.

ಮೇಲಿನ ಇಳಿಜಾರಿಗೂ ಜವುಗಿಗೂ ನಡುವೆ, ಗಟ್ಟಿ ಮಣ್ಣಿರುವಲ್ಲಿ, ಅಡ್ಡಕ್ಕೆ ಒಂದು ಮೊಣಕಾಲಷ್ಟು ಆಳದ ಬಸಿಗಾಲುವೆ ತೆಗೆಯಿರಿ. ಮೇಲಿಂದ ಬರುವ ಕೆಂಪು ಮಣ್ಣು, ಗೊಬ್ಬರದ ನೀರು ಅಲ್ಲಿ ತಂಗಲಿ. ತಿಳಿಯಾದ ನೀರು ಹುಲ್ಲಿನ ಮೇಲೆ ಹರಡಿಕೊಂಡು ಜವುಗಿಗೆ ಹೋಗಲಿ. ನೀರನ್ನು ಪೂರ್ತಿ ಬೇರೆ ಕಡೆ ತಿರುಗಿಸಿದರೆ ಜವುಗು ಒಣಗುತ್ತದೆ, ಅದೂ ಕಾಲುವೆ ತೆಗೆದ ಹಾಗೆಯೇ. ವಾಟಲ್ ಸಸಿ, ನೀಲಗಿರಿ ಸಸಿ ಒಳಗೆ ಹುಟ್ಟುತ್ತಿದ್ದರೆ ಚಿಕ್ಕದಿರುವಾಗಲೇ ಕಿತ್ತು ಹಾಕಿ.

ನಡುಭಾಗದ ಹುಲ್ಲನ್ನು ಕೊಯ್ದು ದನಕ್ಕೆ ಹಾಕಬಹುದು. ದನವನ್ನೇ ಒಳಗೆ ಬಿಡಬೇಡಿ. ಗೊರಸು ತುಳಿದು ಮೇಲ್ಪದರ ಕಲಸಿಹೋಗುತ್ತದೆ, ಜತೆಗೆ ಇಂಥ ಒದ್ದೆ ಜಾಗದ ಬಸವನಹುಳುಗಳಿಂದ ದನಕ್ಕೆ ಲಿವರ್ ಫ್ಲೂಕ್ (ಯಕೃತ್ತಿನ ಹುಳು) ಬರುತ್ತದೆ. ಕೊಯ್ದ ಹುಲ್ಲನ್ನೂ ಒಣಗಿಸಿ ಹಾಕುವುದು ಒಳ್ಳೆಯದು. ಕಾಲಾ ಲಿಲ್ಲಿ ಹೂವು ಅಲ್ಲಿ ತಾನಾಗಿ ಬೆಳೆದಿದ್ದರೆ ಕೊಯ್ದು ಮಾರಿ, ಆದರೆ ಹೊಸದಾಗಿ ನೆಡಬೇಡಿ. ಅದು ಬಂದ ಕಡೆ ಬೇರೆ ಹುಲ್ಲು ಉಳಿಯುವುದಿಲ್ಲ. ತೋಡರು ತಮ್ಮ ಗುಡಿಗಳಿಗೆ ಹೊದಿಸುವ ಹುಲ್ಲು ಇಂಥ ಜವುಗಿನಲ್ಲೇ ಬೆಳೆಯುವುದು. ನಿಮ್ಮಲ್ಲಿ ಅದಿದ್ದರೆ ಹತ್ತಿರದ ಮಂದಿನವರು (‘ಮಂದು’ ಅಂದರೆ ತೋಡರ ಹಾಡಿ) ಕೇಳಿಕೊಂಡು ಬಂದಾರು.

ಕೆಲವರು ಮೇಲೆ ಮಣ್ಣು ಸುರಿದು ಮಟ್ಟ ಮಾಡಿ ಮನೆಯೋ ಶೆಡ್ಡೋ ಕಟ್ಟಿ ಅನ್ನಬಹುದು. ಬೇಡ. ಭಾರಕ್ಕೆ ಪೀಟ್ ವರ್ಷಗಟ್ಟಲೆ ಅಮುಕಿಕೊಳ್ಳುತ್ತಲೇ ಇರುತ್ತದೆ, ಒಂದೇ ಸಮ ಅಮುಕುವುದೂ ಇಲ್ಲ. ಗೋಡೆ ಸೀಳುತ್ತದೆ.

ಮಣ್ಣು ಮಾರುವ ಮಾತು. ನರ್ಸರಿಯವರಿಗೆ ಬೇಕಾದ ಕೆಲಸವನ್ನು ಕೋಕೋಪೀಟ್ ಮಾಡುತ್ತದೆ. ತೆಂಗಿನ ನಾರಿನ ಪುಡಿ ಅದು, ವರ್ಷ ವರ್ಷವೂ ಹೊಸದಾಗಿ ಸಿಗುತ್ತದೆ. ಕೊಯಮತ್ತೂರು, ಪೊಳ್ಳಾಚಿ ಕಡೆ ಬೇಕಾದಷ್ಟಿದೆ. ನಿಮ್ಮದು ಹೋದರೆ ಉಳಿಯುವುದು ಬೂದು ಜೇಡಿಯ ಹೊಂಡ. ಲೋಡಿನ ಬೆಲೆ ಒಂದೇ ಸಲ ಬರುತ್ತದೆ. ಕಾನೂನಿನ ಕಡೆಯಿಂದಲೂ ಯೋಚಿಸಿ. ನೀಲಗಿರಿಯಲ್ಲಿ ಜೆಸಿಬಿ ಇಳಿಸಲು ಕಲೆಕ್ಟರ್ ಕಚೇರಿಯ ಅನುಮತಿ ಬೇಕು, ಮಣ್ಣು ಸಾಗಿಸಲು ಬೇರೆ ಅನುಮತಿ ಬೇಕು. ಹಳ್ಳದ ಪಕ್ಕದ ಜಾಗ ಎಷ್ಟೋ ಸಲ ದಾಖಲೆಯಲ್ಲಿ ಓಡೆ ಪೊರಂಬೋಕು, ಅಂದರೆ ಹಳ್ಳಕ್ಕೆ ಸೇರಿದ ಸರ್ಕಾರಿ ಜಾಗ, ಅಂತ ಇರುತ್ತದೆ. ಪಟ್ಟಾ, ಚಿಟ್ಟಾ ಎಂಬ ಜಮೀನಿನ ದಾಖಲೆಗಳ ಜತೆ ಅಳತೆ ನಕ್ಷೆಯನ್ನೂ ತೆಗೆಸಿ ನೋಡಿ. ಸಿಕ್ಕಿಬಿದ್ದಾಗ ದಂಡ ಕಟ್ಟುವವರು ಜಮೀನಿನವರು, ಲಾರಿಯವರು ಆ ಹೊತ್ತಿಗೆ ಘಾಟಿ ಇಳಿದಿರುತ್ತಾರೆ.

ಕೊನೆಗೆ ನೀರು. ಕಂದು ಬಣ್ಣ ಪೀಟಿನಿಂದ ಕರಗಿ ಬಂದ ಸಾವಯವ ಆಮ್ಲಗಳದ್ದು, ಅದು ವಿಷವಲ್ಲ. ಹಳ್ಳದ ಮೇಲಿನ ಪೊರೆಯನ್ನು ಒಂದು ಕಡ್ಡಿಯಿಂದ ಕೆದಕಿ. ಗಾಜಿನ ಚೂರಿನ ಹಾಗೆ ಒಡೆದು ದೂರ ದೂರ ಹೋದರೆ ಅದು ಕಬ್ಬಿಣದ ಅಂಶ ತಿನ್ನುವ ಬ್ಯಾಕ್ಟೀರಿಯಾದ ಪೊರೆ, ತೊಂದರೆ ಇಲ್ಲ. ಒಡೆದ ಕೂಡಲೇ ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಮೇಲೆ ಯಾರಾದರೂ ಪಂಪ್‌ಸೆಟ್ಟಿನ ಡೀಸೆಲ್ ಚೆಲ್ಲಿದ್ದಾರಾ ನೋಡಿ. ನನಗೆ ಜಾಸ್ತಿ ಚಿಂತೆ ಬಣ್ಣದ್ದಲ್ಲ, ಮೇಲಿನ ಹೊಲದ ಗೊಬ್ಬರ, ಔಷಧಿ ಮತ್ತು ದನದ ಕೊಟ್ಟಿಗೆಯ ನೀರಿನದು. ಮಳೆಗಾಲ ಮುಗಿದ ಮೇಲೆ ಒಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕುದಿಸಿ ಕುಡಿಯಿರಿ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ಹಾಗಾಗಿ ಮನೆಯಲ್ಲಿ ಹಸುಗೂಸು ಇದ್ದರೆ ವರದಿ ಬರುವವರೆಗೆ ಅದಕ್ಕೆ ಬೇರೆ ನೀರು ಕೊಡಿ. ಬಣ್ಣ ಹೋಗಲಿ ಅಂತ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಈ ಕಂದು ಅಂಶದ ಜತೆ ಕ್ಲೋರಿನ್ ಸೇರಿದರೆ ದೇಹಕ್ಕೆ ಒಳ್ಳೆಯದಲ್ಲದ ಬೇರೆ ರಾಸಾಯನಿಕಗಳು ಹುಟ್ಟುತ್ತವೆ. ಬಣ್ಣ ಬೇಡವೇ ಬೇಡ ಅಂದರೆ ಮೊದಲು ಇದ್ದಿಲಿನ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ಕುದಿಸಿ.